ಬೋಟಿನ ಬ್ಯಾಟರಿ: ಎಂಜಿನ್ನೇ ತುಂಬಿಸುತ್ತದೆ ಎಂಬ ನಂಬಿಕೆ ಎಷ್ಟು ನಿಜ?

ಅಫಜಲಪುರ ತಾಲ್ಲೂಕಿನ ಮಣ್ಣೂರ ಭೀಮಾ ತೀರದ ಊರು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ, ಇಲ್ಲಿ ಹನಿ ಮಳೆ ಬೀಳದಿದ್ದರೂ ಹೊಳೆ ದಡ ಮೀರುತ್ತದೆ. ಯಲ್ಲಮ್ಮನ ಗುಡಿಗೆ ನೀರು ನುಗ್ಗುತ್ತದೆ, ಘತ್ತರಗಿ ಸೇತುವೆ ಮುಳುಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ಜಲಾವೃತವಾದಾಗ ಜನರನ್ನು ಹೊರಗೆ ತರಲು ಮೋಟಾರ್ ಬೋಟ್‌ಗಳೇ ಬೇಕಾದವು. ರಾತ್ರಿ ಹೊತ್ತು ಅಂಥ ಬೋಟಿನ ಸರ್ಚ್‌ಲೈಟ್, ವೈರ್‌ಲೆಸ್, ಮೊಬೈಲ್ ಎಲ್ಲವೂ ಒಂದು 12 ವೋಲ್ಟ್ ಬ್ಯಾಟರಿಯನ್ನೇ ನೆಚ್ಚಿಕೊಂಡಿರುತ್ತವೆ. ಆ ಬ್ಯಾಟರಿಯ ಬಗ್ಗೆ ನದಿತೀರದಲ್ಲಿ ಹಲವು ತಪ್ಪು ಕಲ್ಪನೆಗಳಿವೆ. ಅವನ್ನು ಹೊಳೆ ಬರುವ ಮೊದಲೇ ಸರಿಪಡಿಸಿಕೊಳ್ಳಬೇಕು.

ತಪ್ಪು ಕಲ್ಪನೆ 1: ಎಂಜಿನ್ ಓಡಿದರೆ ಬ್ಯಾಟರಿ ತಾನಾಗಿ ಚಾರ್ಜ್ ಆಗುತ್ತದೆ.

ವಾಸ್ತವ: ಬೋಟಿನ ಹಿಂಬದಿಗೆ ಕಟ್ಟುವ ಎಲ್ಲ ಔಟ್‌ಬೋರ್ಡ್ ಮೋಟಾರ್‌ಗಳಿಗೂ ಆ ವ್ಯವಸ್ಥೆ ಇರುವುದಿಲ್ಲ. ಫ್ಲೈವೀಲ್ ಕೆಳಗೆ ಕಿಡಿ ಕೊಡುವ ಕಾಯಿಲ್ ಒಂದಾದರೆ, ಕರೆಂಟ್ ಕೊಡುವ ಕಾಯಿಲ್ ಬೇರೆಯೇ ಒಂದು. 2ರಿಂದ 6 ಎಚ್‌ಪಿಯ ಅನೇಕ ಮೋಟಾರ್‌ಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ. ಎರಡನೆಯದು ಇದ್ದರೂ ಅದರಿಂದ ಬರುವುದು ಎಸಿ ಕರೆಂಟ್. ಅದಕ್ಕೆ ಬಲ್ಬ್ ಉರಿಯುತ್ತದೆ, ಬ್ಯಾಟರಿ ತುಂಬುವುದಿಲ್ಲ. ನಡುವೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇರಲೇಬೇಕು. ಮೋಟಾರಿನ ಕೈಪಿಡಿಯಲ್ಲಿ ‘12 ವೋಲ್ಟ್, 6 ಆಂಪಿಯರ್’ ಅಥವಾ ‘80 ವ್ಯಾಟ್’ ಎಂಬಂಥ ಸಾಲು ಇದೆಯೇ, ಅದು ಎಸಿಯೋ ಡಿಸಿಯೋ ಎಂಬುದನ್ನು ಮೊದಲು ನೋಡಿ.

ತಪ್ಪು ಕಲ್ಪನೆ 2: ಒಂದೆರಡು ಗಂಟೆ ಓಡಿಸಿದರೆ ಬ್ಯಾಟರಿ ಫುಲ್.

ವಾಸ್ತವ: ಇಲ್ಲಿ ಲೆಕ್ಕ ಹಾಕಿಯೇ ನೋಡಬೇಕು. 80 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಇಳಿದಿದೆ ಎಂದುಕೊಳ್ಳಿ. 40 ಆಂಪಿಯರ್-ಅವರ್ ವಾಪಸ್ ತುಂಬಬೇಕು. ಚಾರ್ಜ್ ಆಗುವಾಗಿನ ನಷ್ಟ ಸೇರಿಸಿದರೆ ಸುಮಾರು 48. ಸಣ್ಣ ಮೋಟಾರಿನ ಕಾಯಿಲ್ ಕೊಡುವುದು ಹೆಚ್ಚೆಂದರೆ 6 ಆಂಪಿಯರ್, ಅದೂ ಎಂಜಿನ್ ನಿಮಿಷಕ್ಕೆ 5000 ಸುತ್ತಿನ ಆಸುಪಾಸಿನಲ್ಲಿ ಓಡುವಾಗ. ಅಂದರೆ ಎಂಟು ಗಂಟೆ ಪೂರ್ತಿ ವೇಗದ ಓಟ!

ಮಹಾಪೂರದಲ್ಲಿ ಬೋಟ್ ಹಾಗೆ ಓಡುವುದೇ ಇಲ್ಲ. ಮುಳುಗಿದ ತಂತಿ ಬೇಲಿ, ಜಾಲಿ ಗಿಡ, ಕಬ್ಬಿನ ಹೊಲ ತಪ್ಪಿಸುತ್ತ ನಿಧಾನಕ್ಕೆ ಸಾಗುತ್ತದೆ. ಆಗ ಕಾಯಿಲ್‌ನಿಂದ ಸಿಗುವುದು ಒಂದೆರಡು ಆಂಪಿಯರ್. ಅತ್ತ 55 ವ್ಯಾಟ್‌ನ ಹ್ಯಾಲೊಜೆನ್ ಸರ್ಚ್‌ಲೈಟ್ ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಬರುವುದಕ್ಕಿಂತ ಹೋಗುವುದೇ ಹೆಚ್ಚಾಗಿ, ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಸರ್ಚ್‌ಲೈಟನ್ನು 15 ವ್ಯಾಟ್‌ನ ಎಲ್‌ಇಡಿಗೆ ಬದಲಿಸಿದರೆ ಬೆಳಕು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಖರ್ಚು ಒಂದೂಕಾಲು ಆಂಪಿಯರ್‌ಗೆ ಇಳಿಯುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಇನ್ನೊಂದು ಬದಲಾವಣೆ ಬೋಟಿನಲ್ಲಿಲ್ಲ.

ತಪ್ಪು ಕಲ್ಪನೆ 3: ಮನೆ ಮುಂದೆ ಸ್ಟ್ಯಾಂಡಿಗೆ ಕಟ್ಟಿ ಎಂಜಿನ್ ಓಡಿಸಿ ಚಾರ್ಜ್ ಮಾಡಬಹುದು.

ವಾಸ್ತವ: ಖಂಡಿತ ಬೇಡ. ನೀರಿನಿಂದ ತಂಪಾಗುವ ಔಟ್‌ಬೋರ್ಡ್‌ನ ಪಂಪಿನಲ್ಲಿ ರಬ್ಬರ್ ಇಂಪೆಲ್ಲರ್ ಇರುತ್ತದೆ. ಅದು ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹರಿಯುತ್ತದೆ, ಮುಂದೆ ಎಂಜಿನ್ನೇ ಕಾದು ಹಿಡಿದುಕೊಳ್ಳುತ್ತದೆ. ಡ್ರಮ್ಮಿನ ನೀರಿನಲ್ಲಿ ಅದ್ದಿ ನ್ಯೂಟ್ರಲ್‌ನಲ್ಲಿ ಓಡಿಸಿದರೆ ಪಂಪ್ ಉಳಿದೀತು, ಆದರೆ ಕಡಿಮೆ ವೇಗಕ್ಕೆ ಬ್ಯಾಟರಿಗೆ ಸಿಗುವುದು ಅತ್ಯಲ್ಪ, ಪೆಟ್ರೋಲ್ ದಂಡ. ಮುಚ್ಚಿದ ಶೆಡ್ಡಿನಲ್ಲಿ ಓಡಿಸಿದರಂತೂ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಕುತ್ತು.

ತಪ್ಪು ಕಲ್ಪನೆ 4: ಸಣ್ಣ ಮೋಟಾರಿನಿಂದ ಓವರ್‌ಚಾರ್ಜ್ ಆಗುವುದಿಲ್ಲ.

ವಾಸ್ತವ: ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಇಲ್ಲದ ಮೋಟಾರ್ ಅನ್ನು ವೇಗವಾಗಿ ಓಡಿಸಿದರೆ, ತುಂಬಿದ ಬ್ಯಾಟರಿಯ ಮೇಲೆ ವೋಲ್ಟೇಜ್ 15 ದಾಟಬಹುದು. ಸೀಸ-ಆಮ್ಲ ಬ್ಯಾಟರಿಗೆ ಸುಮಾರು 14.4 ಮಿತಿ. ಅದಕ್ಕಿಂತ ಮೇಲೆ ಹೋದರೆ ನೀರು ಒಡೆದು ಹೈಡ್ರೋಜನ್ ಹೊರಬರುತ್ತದೆ, ಪ್ಲೇಟ್ ಸವೆಯುತ್ತದೆ. 40 ಡಿಗ್ರಿ ದಾಟುವ ನಮ್ಮ ಸೆಕೆಯಲ್ಲಿ ಈ ಮಿತಿ ಇನ್ನೂ ಅರ್ಧ ವೋಲ್ಟ್‌ನಷ್ಟು ಕೆಳಗಿಳಿಯುತ್ತದೆ. ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡದ ಪೆಟ್ಟಿಗೆಯಲ್ಲಿ ಬ್ಯಾಟರಿ ಮುಚ್ಚಿಡಬಾರದು, ಪೆಟ್ರೋಲ್ ಟ್ಯಾಂಕಿನ ಮಗ್ಗುಲಲ್ಲಿ ಇಡಲೇಬಾರದು.

ಪರೀಕ್ಷೆ ಸುಲಭ. ಎಂಜಿನ್ ಬಂದ್ ಇದ್ದಾಗ ಮಲ್ಟಿಮೀಟರ್‌ನ ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪು ಕಡ್ಡಿಯನ್ನು ಮೈನಸ್‌ಗೆ ಹಿಡಿದು ಓದಿ. ನಾಲ್ಕಾರು ಗಂಟೆ ಸುಮ್ಮನಿದ್ದ ಬ್ಯಾಟರಿ 12.7 ತೋರಿಸಿದರೆ ಪೂರ್ತಿ, 12.2 ಇದ್ದರೆ ಅರ್ಧ. ಬೋಟ್ ನೀರಿನಲ್ಲಿ ವೇಗವಾಗಿ ಓಡುವಾಗ, ಸರ್ಚ್‌ಲೈಟ್ ಆರಿಸಿ ಮತ್ತೆ ಓದಿ. 13.8ರಿಂದ 14.4ರ ನಡುವೆ ನಿಂತರೆ ಎಲ್ಲ ಸರಿ. ವೋಲ್ಟೇಜ್ ಏರದಿದ್ದರೆ ಕಾಯಿಲ್, ರೆಕ್ಟಿಫೈಯರ್ ಅಥವಾ ವೈರಿನಲ್ಲಿ ದೋಷ. 15ರತ್ತ ಹೊರಟರೆ ರೆಗ್ಯುಲೇಟರ್ ಇಲ್ಲ, ಇಲ್ಲವೇ ಕೆಟ್ಟಿದೆ.

ತಪ್ಪು ಕಲ್ಪನೆ 5: ಬ್ಯಾಟರಿ ಯಾವುದಾದರೇನು, ಟ್ರ್ಯಾಕ್ಟರಿನದೂ ನಡೆಯುತ್ತದೆ.

ವಾಸ್ತವ: ಒಂದು ರಾತ್ರಿಗೆ ನಡೆಯುತ್ತದೆ, ಕಾಯಂ ಆಗಿ ಅಲ್ಲ. ಟ್ರ್ಯಾಕ್ಟರ್ ಬ್ಯಾಟರಿಯ ಪ್ಲೇಟುಗಳು ತೆಳು. ಸ್ಟಾರ್ಟ್ ಮಾಡುವ ಕ್ಷಣಕ್ಕೆ ಭಾರಿ ಕರೆಂಟ್ ಕೊಡಲೆಂದೇ ಮಾಡಿದ್ದು. ಗಂಟೆಗಟ್ಟಲೆ ದೀಪ ಉರಿಸಿ ಪದೇ ಪದೇ ಆಳಕ್ಕೆ ಇಳಿಸಿದರೆ ಬೇಗ ಸಾಯುತ್ತದೆ. ನಿಧಾನವಾಗಿ ಇಳಿದು ಏರುವ ಕೆಲಸಕ್ಕೆ ಡೀಪ್‌ಸೈಕಲ್ ಬ್ಯಾಟರಿಯೇ ಸರಿ. ಹಗುರ ಎಂದು ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಮೋಟಾರಿಗೆ ಜೋಡಿಸುವುದೂ ತಪ್ಪು. ಅದು ಸಿಕ್ಕಷ್ಟು ಕರೆಂಟನ್ನು ಬಿಡದೆ ಎಳೆದು ಕಾಯಿಲನ್ನು ಕಾಯಿಸುತ್ತದೆ. ತುಂಬಿದೊಡನೆ ಒಳಗಿನ ಸರ್ಕ್ಯೂಟ್ ಫಕ್ಕನೆ ಬಂದ್ ಆದರೆ ವೋಲ್ಟೇಜ್ ಜಿಗಿದು ರೆಕ್ಟಿಫೈಯರ್ ಸುಡಬಹುದು. ಎಂಜಿನ್ ಓಡುವಾಗ ಬ್ಯಾಟರಿಯ ವೈರ್ ಕಳಚಬಾರದು ಎನ್ನುವುದೂ ಇದೇ ಕಾರಣಕ್ಕೆ. ಪ್ಲಸ್-ಮೈನಸ್ ಅದಲುಬದಲಾದರೆ ರೆಕ್ಟಿಫೈಯರ್‌ನ ಡಯೋಡ್‌ಗಳು ಕ್ಷಣದಲ್ಲಿ ಹೋಗುತ್ತವೆ.

ತಪ್ಪು ಕಲ್ಪನೆ 6: ಬ್ಯಾಟರಿ ಡೌನ್ ಆದರೆ ಎಂಜಿನ್ ನಡುನೀರಿನಲ್ಲಿ ನಿಲ್ಲುತ್ತದೆ.

ವಾಸ್ತವ: ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಮೋಟಾರ್‌ಗಳಲ್ಲಿ ಕಿಡಿ ಬರುವುದು ಫ್ಲೈವೀಲ್ ಅಯಸ್ಕಾಂತದಿಂದ, ಬ್ಯಾಟರಿಯಿಂದ ಅಲ್ಲ. ದೀಪ ಆರಿದರೂ ಎಂಜಿನ್ ನಡೆಯುತ್ತದೆ. ಗಾಬರಿ ಬೇಡ, ಟಾರ್ಚ್ ಹಿಡಿದು ದಡ ಸೇರಿ.

ತಪ್ಪು ಕಲ್ಪನೆ 7: ಹೊಳೆ ಇಳಿದ ಮೇಲೆ ಬ್ಯಾಟರಿ ಮೂಲೆಗಿಟ್ಟರೆ ಆಯಿತು.

ವಾಸ್ತವ: ಬೋಟಿನ ಬ್ಯಾಟರಿಗಳು ಹೆಚ್ಚಾಗಿ ಸಾಯುವುದು ನೀರಿನಲ್ಲಲ್ಲ, ಗೋದಾಮಿನ ಮೂಲೆಯಲ್ಲಿ. ಕೆಲಸವಿಲ್ಲದೆ ಕುಳಿತ ಬ್ಯಾಟರಿ ತಾನಾಗಿ ಇಳಿಯುತ್ತದೆ. ಸೆಕೆ ಹತ್ತು ಡಿಗ್ರಿ ಏರಿದಂತೆಲ್ಲ ಆ ಇಳಿತ ಸುಮಾರು ದುಪ್ಪಟ್ಟಾಗುತ್ತದೆ. ಇಳಿದ ಬ್ಯಾಟರಿಯ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತರೆ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಇಟ್ಟದ್ದನ್ನು ಜುಲೈನಲ್ಲಿ ತೆಗೆದರೆ ಕೈಯಲ್ಲಿರುವುದು ಬರೀ ಭಾರ. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಪೂರ್ತಿ ಚಾರ್ಜ್ ಮಾಡಬೇಕು.

ಹಾಗಾದರೆ ಮಾಡಬೇಕಾದ್ದೇನು?

ಬ್ಯಾಟರಿಯನ್ನು ದಡದಲ್ಲೇ ತುಂಬಿಸಿ. ಎಂಜಿನ್ನಿನ ಕಾಯಿಲ್ ನೀರಿನಲ್ಲಿ ಅದಕ್ಕೆ ಆಸರೆ ಮಾತ್ರ. ಕರೆಂಟ್ ಇದ್ದಾಗ 80 ಆಂಪಿಯರ್-ಅವರ್ ಬ್ಯಾಟರಿಗೆ 8 ಆಂಪಿಯರ್ ಚಾರ್ಜರ್ ಒಂದು ರಾತ್ರಿಗೆ ಸಾಕು. ಮಹಾಪೂರದಲ್ಲಿ ಸುರಕ್ಷತೆಗಾಗಿ ಊರಿನ ಲೈನ್ ಬಂದ್ ಆಗುತ್ತದೆ. ಆಗ ಕಂಟ್ರೋಲರ್ ಸಹಿತ 100 ವ್ಯಾಟ್‌ನ ಸೋಲಾರ್ ಪ್ಯಾನಲ್, ಬಿಸಿಲಿದ್ದರೆ ದಿನಕ್ಕೆ 20ರಿಂದ 25 ಆಂಪಿಯರ್-ಅವರ್ ತುಂಬುತ್ತದೆ. ನಮ್ಮ ಹೊಳೆ ಎಷ್ಟೋ ಸಲ ಮೇಲಿನ ನೀರಿನಿಂದ, ಬಿಸಿಲಿರುವಾಗಲೇ ಬರುವುದರಿಂದ ಇದು ಭೀಮಾ ತೀರಕ್ಕೆ ಹೇಳಿ ಮಾಡಿಸಿದ ಉಪಾಯ. ಉಜನಿಯಿಂದ ನೀರು ಬಿಟ್ಟ ಸುದ್ದಿ ಬಂದ ಮೇಲೆ ಚಾರ್ಜರ್ ಹುಡುಕುತ್ತ ಕೂರಬಾರದು. ಮಣ್ಣೂರಿನಂಥ ಪ್ರತಿ ಊರಿನಲ್ಲಿ ಜೂನ್ ಒಳಗೇ ಒಬ್ಬರು ಈ ಹೊಣೆ ಹೊತ್ತು, ಮಲ್ಟಿಮೀಟರ್ ಹಿಡಿದು 12.7 ಓದಿ, ಆ ತಾರೀಖನ್ನು ಬ್ಯಾಟರಿಯ ಮೇಲೆಯೇ ಬರೆದಿಡಲಿ.