ಬೆನ್ನೆಲುಬಿನ ನಾಳ ಕಿರಿದಾದಾಗ ಶಕ್ತಿಮಾತ್ರೆ ಎಷ್ಟು ಉಪಯುಕ್ತ?

ದಾಂಡೇಲಿ ಸಮೀಪ ಕಾಳಿ ನದಿಯ ದಂಡೆಯಲ್ಲಿರುವ ಮೌಳಂಗಿಯಂಥ ಊರುಗಳಲ್ಲಿ ಭತ್ತದ ನಾಟಿ, ಕಳೆ, ಕೊಯ್ಲು ಎಲ್ಲವೂ ಬೆನ್ನು ಬಗ್ಗಿಸಿ ಮಾಡುವ ಕೆಲಸಗಳು. ಅರವತ್ತು ದಾಟಿದ ಕೆಲವರಿಗೆ ಬದುವಿನ ಮೇಲೆ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತದೆ. ಮುಂದಕ್ಕೆ ಬಾಗಿ ತುಸು ಹೊತ್ತು ಕುಳಿತರೆ ಹಗುರವೆನಿಸುತ್ತದೆ. ನಡೆಯಲಾರದ ಅದೇ ವ್ಯಕ್ತಿ ಸೈಕಲ್ ತುಳಿದು ಸಂತೆಗೆ ಹೋಗಿಬರುವುದೂ ಉಂಟು. ಇವು ಬೆನ್ನೆಲುಬಿನ ನಾಳ ಕಿರಿದಾಗಿರುವುದರ ಲಕ್ಷಣಗಳಾಗಿರಬಹುದು. ವೈದ್ಯರು ಇದನ್ನು ‘ಸ್ಪೈನಲ್ ಸ್ಟೆನೋಸಿಸ್’ ಎನ್ನುತ್ತಾರೆ.

ಕಾರಣವೇನು?

ವಯಸ್ಸಾದಂತೆ ಬೆನ್ನಿನ ಮಣಿಗಳ ನಡುವಿನ ಮೆತ್ತೆ ಸವೆದು ಉಬ್ಬುತ್ತದೆ. ಕೀಲುಗಳಲ್ಲಿ ಎಲುಬು ಬೆಳೆಯುತ್ತದೆ. ಒಳಗಿನ ಕಟ್ಟುನಾರು ದಪ್ಪವಾಗುತ್ತದೆ. ಇದರಿಂದ ನರಗಳು ಸಾಗುವ ದಾರಿ ಇಕ್ಕಟ್ಟಾಗುತ್ತದೆ. ಮುಂದಕ್ಕೆ ಬಾಗಿದಾಗ ದಾರಿ ಸ್ವಲ್ಪ ಅಗಲವಾಗುವುದರಿಂದಲೇ ನೋವು ಶಮನವಾಗುತ್ತದೆ.

ಕಬ್ಬಿನ ಬಿಲ್ಲು ಕೈಗೆ ಬಂದ ಕೂಡಲೇ ಬೆನ್ನುನೋವಿನ ಪುಡಿ, ಮಾತ್ರೆಗಳ ಡಬ್ಬಿ ಕೊಳ್ಳುವ ರೈತರಿದ್ದಾರೆ. ಹೂಳು ತುಂಬಿದ ಕಾಲುವೆಗೆ ಗೊಬ್ಬರ ಸುರಿದರೆ ನೀರು ಹರಿಯುವುದಿಲ್ಲ. ಹಾಗೆಯೇ ಕಿರಿದಾದ ನಾಳವನ್ನು ಅಗಲ ಮಾಡುವ ಮಾತ್ರೆ ಇನ್ನೂ ಬಂದಿಲ್ಲ.

ಗ್ಲುಕೋಸಮೈನ್ ಮಾತ್ರೆಯ ಪ್ರಯೋಗ

ಸೊಂಟದ ಕೀಲು ಸವೆದು ಬಹುಕಾಲ ನೋವುಂಡ 250 ಜನರ ಮೇಲೆ ನಾರ್ವೆ ದೇಶದಲ್ಲಿ ನಡೆದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ದಿನಕ್ಕೆ 1500 ಮಿ.ಗ್ರಾಂ ಗ್ಲುಕೋಸಮೈನನ್ನೂ ಮತ್ತೊಂದು ಗುಂಪಿಗೆ ಔಷಧಾಂಶವಿಲ್ಲದ ಹುಸಿಮಾತ್ರೆಯನ್ನೂ 6 ತಿಂಗಳು ಕೊಡಲಾಯಿತು. ಎರಡೂ ಗುಂಪುಗಳಲ್ಲಿ ಆದ ಗುಣದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ಯಾವುದು ಉಪಯುಕ್ತ?

ಶರೀರದಲ್ಲಿ ನಿಜವಾಗಿ ಕೊರತೆಯಿದ್ದರೆ ಅದನ್ನು ತುಂಬುವುದು ಅವಶ್ಯ. ಮಣ್ಣು ಪರೀಕ್ಷೆಯ ನಂತರ ಗೊಬ್ಬರ ಹಾಕುವಂತೆ ರಕ್ತ ಪರೀಕ್ಷೆಯ ನಂತರ ಮಾತ್ರೆ ಸೇವಿಸಬೇಕು.

1. ಜೀವಸತ್ವ ಬಿ-12: ಇದರ ಕೊರತೆಯಿಂದಲೂ ಕಾಲು ಜೋಮು ಹಿಡಿಯುತ್ತದೆ, ನಾಳದ ತೊಂದರೆಯೆಂದೇ ತಪ್ಪು ತಿಳಿಯುವ ಸಂಭವವಿದೆ. ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಸಹಜವಾಗಿ ದೊರೆಯುವುದರಿಂದ ಶಾಕಾಹಾರಿಗಳು, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುತ್ತಿರುವವರು ಪರೀಕ್ಷಿಸಿಕೊಳ್ಳುವುದು ಲೇಸು.

2. ಜೀವಸತ್ವ ಡಿ: ಎಲುಬಿಗೂ ಸ್ನಾಯುವಿಗೂ ಬೇಕು. ಕೊರತೆಯಿದ್ದವರಿಗೆ ವೈದ್ಯರು 60,000 ಯೂನಿಟ್ಟಿನ ಮಾತ್ರೆಯನ್ನು ವಾರಕ್ಕೊಂದರಂತೆ ಕೆಲವು ವಾರ ಕೊಡುವುದುಂಟು. ಅದನ್ನು ದಿನವೂ ನುಂಗಬಾರದು. ಸ್ವಂತ ಬುದ್ಧಿಯಿಂದ ಮುಂದುವರಿಸಲೂಬಾರದು. ರಕ್ತದಲ್ಲಿ ಸುಣ್ಣದಂಶ ಮಿತಿಮೀರಿದರೆ ಮೂತ್ರಪಿಂಡಕ್ಕೆ ಹಾನಿ.

3. ಸುಣ್ಣದಂಶ: ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿ.ಗ್ರಾಂ ಅಗತ್ಯ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದು ಅತ್ಯಲ್ಪ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ, ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು, ಹಾಲಿನಲ್ಲಿ ಸುಮಾರು 120 ಮಿ.ಗ್ರಾಂ ಇದೆ. ಅನ್ನದ ಜೊತೆಗೆ ರಾಗಿ ಅಂಬಲಿ, ಮಜ್ಜಿಗೆ, ಎಳ್ಳಿನ ಚಟ್ನಿ, ಹಿತ್ತಲಿನ ನುಗ್ಗೆಸೊಪ್ಪು, ಮುಳ್ಳು ಸಹಿತ ತಿನ್ನುವ ಸಣ್ಣ ಮೀನು ಇದ್ದರೆ ಡಬ್ಬಿಗೆ ಕೊಡುವ ಹಣ ಉಳಿಯುತ್ತದೆ.

ಎಚ್ಚರಿಕೆ

ಹೆಸರು ತಿಳಿಯದ ಪುಡಿಗಳನ್ನು ಸೇವಿಸಬೇಡಿ. ಇಂಥ ಕೆಲವು ಪುಡಿಗಳಲ್ಲಿ ಗುಟ್ಟಾಗಿ ಬೆರೆಸಿದ ಸ್ಟೀರಾಯ್ಡ್ ಪತ್ತೆಯಾಗಿದೆ. ಮೊದಲು ನೋವು ಮಾಯವಾದಂತೆ ತೋರಿದರೂ ಸ್ಟೀರಾಯ್ಡನ್ನು ಬಹುಕಾಲ ಸೇವಿಸಿದರೆ ಎಲುಬು ಟೊಳ್ಳಾಗುತ್ತದೆ, ರಕ್ತದ ಸಕ್ಕರೆ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅರಿಶಿನದ ಸಾರದ ಮಾತ್ರೆಗೆ ಮುನ್ನ ವೈದ್ಯರನ್ನು ಕೇಳಬೇಕು. ಅಡುಗೆಯ ಅರಿಶಿನಕ್ಕೆ ಅಡ್ಡಿಯಿಲ್ಲ.

ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ನಡುನಡುವೆ ಕುಳಿತು ನಡೆಯುವ ಅಭ್ಯಾಸ, ಮೈತೂಕದ ಹತೋಟಿ ಬಹುಜನರಿಗೆ ಗುಣ ಕೊಡುತ್ತವೆ. ತುಂಬಿದ ಚೀಲವನ್ನು ಒಬ್ಬರೇ ಎತ್ತಬಾರದು. ಇಷ್ಟಾದರೂ ನಡೆಯುವ ದೂರ ಕಡಿಮೆಯಾಗುತ್ತ ಬಂದರೆ ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರನ್ನು ಕೇಳಿರಿ.

ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ನಾಟಿ ಮುಗಿಯಲಿ, ಸುಗ್ಗಿ ಕಳೆಯಲಿ ಎಂದು ಕಾಯಬಾರದು. ತಪ್ಪಿದ ಬೆಳೆಯನ್ನು ಮುಂದಿನ ವರ್ಷ ತೆಗೆಯಬಹುದು. ಬಹುಕಾಲ ಒತ್ತಡಕ್ಕೆ ಸಿಕ್ಕಿದ ನರ ಮತ್ತೆ ಚೇತರಿಸಿಕೊಳ್ಳದೆ ಹೋಗಬಹುದು.