ತೂಕದ ಯಂತ್ರ ಶಾಲೆಗೆ ಬಂದ ದಿನ

ವರ್ಷಕ್ಕೊಮ್ಮೆ ಆರೋಗ್ಯ ಇಲಾಖೆಯ ತಂಡ ಶಾಲೆಗೆ ಬಂದು ಮಕ್ಕಳ ಎತ್ತರ, ತೂಕ, ಕಣ್ಣು, ಹಲ್ಲು ನೋಡುತ್ತದೆ. ಇದಕ್ಕೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು ಹೆಸರು. ಸರಕಾರಿ, ಅನುದಾನಿತ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ. ಒಳ್ಳೆಯ ಕೆಲಸವೇ. ಆದರೆ ಎಂಟನೇ ತರಗತಿಯ ಹುಡುಗಿಯ ತೂಕವನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿ ಬರೆಸಿದರೆ, ಮರುದಿನ ಅದೇ ಅವಳ ಅಡ್ಡಹೆಸರು. ಕುಂದಾಪುರ, ಬೈಂದೂರು, ಬ್ರಹ್ಮಾವರ, ಎಲ್ಲಿಯ ಶಾಲೆಯೇ ಇರಲಿ, ಶಿಕ್ಷಕರು ಇಷ್ಟು ಮಾಡಿದರೂ ಸಾಕು: ಯಂತ್ರವನ್ನು ಕೋಣೆಯೊಳಗಿಡಿ. ಒಬ್ಬೊಬ್ಬರನ್ನೇ ಕರೆಯಿರಿ. ಅಂಕಿಯನ್ನು ಬಾಯಲ್ಲಿ ಹೇಳದೆ ಬರೆದುಕೊಳ್ಳಿ.

ಬರೀ ತೂಕದಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಬಿಎಂಐ ನೋಡುತ್ತಾರೆ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂಬ ಲೆಕ್ಕ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಬೇಕು. ಒಂದೂವರೆ ಮೀಟರ್ ಎತ್ತರ, 45 ಕಿಲೋ ತೂಕ ಇದ್ದರೆ ಉತ್ತರ 20. ಹೆಚ್ಚಿನವರು ಎಡವುವುದು ಇದರ ನಂತರ. ಮೊಬೈಲಿನಲ್ಲಿ ಸಿಗುವ ಲೆಕ್ಕ ಸಾಮಾನ್ಯವಾಗಿ ದೊಡ್ಡವರದ್ದು, 18.5ಕ್ಕಿಂತ ಕಡಿಮೆ ಬಂದರೆ ತೂಕ ಸಾಲದು ಎನ್ನುತ್ತದೆ. 12 ವರ್ಷದ ಮಗುವಿಗೆ 17 ಬಂದರೂ ಸರಿಯೇ. ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆಯೇ ಬೆಳವಣಿಗೆ ಪಟ್ಟಿ ಇದೆ. ಅದನ್ನು ವೈದ್ಯರ ಹತ್ತಿರವೇ ನೋಡಿಸಿ.

“ಮಗಳು ಒಮ್ಮೆಲೇ ದಪ್ಪ ಆದಳಲ್ಲ?” ಪ್ರಾಯಕ್ಕೆ ಬರುವಾಗ ಹುಡುಗಿಯರ ಸೊಂಟ, ತೊಡೆಗೆ ಕೊಬ್ಬು ಸೇರುವುದು ಸಹಜ. ಹುಡುಗರು ಉದ್ದವಾಗುವುದು ಸುಮಾರು ಎರಡು ವರ್ಷ ತಡ. ಏಳನೇ ತರಗತಿಯ ಗ್ರೂಪ್ ಫೋಟೋ ನೋಡಿ, ಹಲವು ಹುಡುಗಿಯರು ಹುಡುಗರಿಗಿಂತ ಎತ್ತರ. ಮದುವೆಮನೆಯಲ್ಲಿ “ಎಂತ ಹೆಣೆ, ಇಷ್ಟ್ ಸಪೂರ?” ಎನ್ನುವ ದೊಡ್ಡಮ್ಮನಿಗೆ ಅದು ಕುಶಲ ವಿಚಾರಿಸುವ ಮಾತು. ಹುಡುಗಿ ಮಾತ್ರ ಆ ದಿನ ಊಟದ ಪಂಕ್ತಿಯಲ್ಲಿ ಸರಿಯಾಗಿ ಉಣ್ಣುವುದಿಲ್ಲ.

ಬಣ್ಣದ ಮಾತು ಇನ್ನೂ ಕೆಟ್ಟದ್ದು. ಅದರ ಹಿಂದೆಯೇ ಕ್ರೀಮು ಬರುತ್ತದೆ. ತಯಾರಕರ ವಿಳಾಸವಿಲ್ಲದ ಬಿಳಿಯಾಗಿಸುವ ಕ್ರೀಮುಗಳಲ್ಲಿ ಪಾದರಸ ಇರುವುದುಂಟು. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದಿತ್ತು. ವೈದ್ಯರ ಚೀಟಿ ಇಲ್ಲದೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಚರ್ಮವನ್ನು ತೆಳುವಾಗಿಸುತ್ತದೆ, ನಿಲ್ಲಿಸಿದರೆ ಮೊಡವೆ ಇನ್ನಷ್ಟು ಏಳುತ್ತದೆ.

ಇನ್ನು ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ. ಅದರಲ್ಲಿರುವುದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ, ರಕ್ತಹೀನತೆ ತಡೆಯಲು. ದಪ್ಪ ಆಗುತ್ತೇವೆ ಎಂದು ಕಿಟಕಿಯಾಚೆ ಎಸೆಯುವ ಮಕ್ಕಳಿದ್ದಾರೆ. ಅದರಿಂದ ದಪ್ಪ ಆಗುವುದಿಲ್ಲ. ಮಲ ಕಪ್ಪಾದರೆ ಹೆದರಬೇಡಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು, ಆದ್ದರಿಂದಲೇ ಬಿಸಿಯೂಟದ ಬಳಿಕ ಕೊಡುತ್ತಾರೆ. ಹಿಂದೆಯೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಮನೆಯಲ್ಲಿ ಹರಿವೆ ಪಲ್ಯಕ್ಕೆ ನಿಂಬೆಹುಳಿ ಹಿಂಡಿ. ಬೂತಾಯಿ, ಬಂಗುಡೆ ತಿನ್ನುವವರಿಗೆ ಅದೂ ಒಳ್ಳೆಯದು. ಸಪೂರ ಆಗಲೆಂದು ಬೆಳಗಿನ ಗಂಜಿ ಬಿಟ್ಟು ಬಸ್ ಹತ್ತಿದವರು ಹನ್ನೊಂದು ಗಂಟೆಗೆ ಅಂಗಡಿಯ ಚಿಪ್ಸ್ ಪ್ಯಾಕೆಟ್ ಒಡೆಯುತ್ತಾರೆ, ಲೆಕ್ಕದಲ್ಲಿ ಲಾಭ ಏನೂ ಇಲ್ಲ.

ಮಾತಾಡಲು ಸಂಕೋಚವಾಗುವ ವಿಷಯಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ ಇದು. 10ರಿಂದ 19 ವರ್ಷದವರಿಗೆ ಆಪ್ತಸಲಹೆ, ಅಂದರೆ ಬೈಯದೆ ಗುಟ್ಟಾಗಿ ಕೇಳಿಸಿಕೊಂಡು ದಾರಿ ಹೇಳುವ ಕೆಲಸ, ಇಲ್ಲಿ ನಡೆಯುತ್ತದೆ. ಖರ್ಚಿಲ್ಲ. ಕುಂದಾಪುರದವರು ತಾಲೂಕು ಆಸ್ಪತ್ರೆಯಲ್ಲಿ, ಬೈಂದೂರು, ಬ್ರಹ್ಮಾವರದವರು ತಮ್ಮ ಊರಿನ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಯಾವ ದಿನ, ಯಾವ ಹೊತ್ತು ಎಂಬುದನ್ನು ಊರಿನ ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಂಡರೆ ಓಡಾಟ ತಪ್ಪುತ್ತದೆ.

ಊಟ ಬಿಡುವುದು, ಉಂಡದ್ದನ್ನು ಬೇಕೆಂದೇ ಕಾರುವುದು, ಮೂರು ತಿಂಗಳು ಮುಟ್ಟು ನಿಲ್ಲುವುದು, ಮೈ ತೋರಿಸಲು ನಾಚಿ ಆಟದ ಪೀರಿಯಡ್ ತಪ್ಪಿಸುವುದು ಕಂಡರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗು ಮಾತಾಡಲು ಒಪ್ಪದಿದ್ದರೆ ಅಪ್ಪ, ಅಮ್ಮನೇ ಮೊದಲು ಕರೆ ಮಾಡಿ ಕೇಳಬಹುದು.