ಸಸ್ಯತೋಟ ನಮಗೆ ಏನು ಕಲಿಸುತ್ತದೆ?

ಬೆಂಗಳೂರಿಗೆ ಹೋಗಿ ಬಂದವರಲ್ಲಿ ಹೆಚ್ಚಿನವರು ಲಾಲ್‌ಬಾಗ್‌ನ ಗಾಜಿನ ಮನೆಯ ಮುಂದೆ ಫೋಟೊ ತೆಗೆಸಿಕೊಂಡಿರುತ್ತಾರೆ. ನಾವು ಮುನಿರಾಬಾದ್‌ನ ಪಂಪಾವನಕ್ಕೆ ಹೋದಂತೆಯೇ ಅವರೂ ತಿರುಗಾಡಲು ಹೋಗಿರುತ್ತಾರೆ. ಆದರೆ ಲಾಲ್‌ಬಾಗ್ ಒಂದು ಸಸ್ಯತೋಟ, ಅಂದರೆ ಬಟಾನಿಕಲ್ ಗಾರ್ಡನ್. ಪಾರ್ಕಿಗೂ ಸಸ್ಯತೋಟಕ್ಕೂ ಏನು ವ್ಯತ್ಯಾಸ, ಅದರಿಂದ ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಗಳಾದ ನಮಗೆ ಏನು ಪ್ರಯೋಜನ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಲಾಲ್‌ಬಾಗ್ ಅನ್ನು 1760ರಲ್ಲಿ ಆರಂಭಿಸಿದವರು ಹೈದರ್ ಅಲಿ. ಶಿರಾದಲ್ಲಿದ್ದ ಮೊಘಲ್ ಮಾದರಿಯ ತೋಟ ಅವರಿಗೆ ಪ್ರೇರಣೆ ಎನ್ನುತ್ತಾರೆ. ಮೊದಲು ಅದು ಸುಮಾರು 40 ಎಕರೆ ಇತ್ತು. ಟಿಪ್ಪು ಸುಲ್ತಾನರು ಪರ್ಷಿಯಾ, ಅಫ್ಘಾನಿಸ್ತಾನ, ಟರ್ಕಿ, ಮಾರಿಷಸ್ ಮುಂತಾದ ಕಡೆಗಳಿಂದ ಬೀಜ ಮತ್ತು ಸಸಿಗಳನ್ನು ತರಿಸಿ ಬೆಳೆಸಿದರು. 1856ರಲ್ಲಿ ಅದು ಸರ್ಕಾರಿ ಸಸ್ಯತೋಟವಾಯಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಈಗ ತೋಟದ ವಿಸ್ತೀರ್ಣ 240 ಎಕರೆ. ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳು ಅಲ್ಲಿವೆ.

ಪಾರ್ಕಿನಲ್ಲಿ ಗಿಡ ಚೆನ್ನಾಗಿ ಕಂಡರೆ ಸಾಕು. ಸಸ್ಯತೋಟದಲ್ಲಿ ಆ ಗಿಡ ಯಾವುದು, ಯಾವ ಕುಟುಂಬಕ್ಕೆ ಸೇರಿದ್ದು, ಎಲ್ಲಿಂದ ಬಂತು ಎಂಬ ಲೆಕ್ಕ ಇರಬೇಕು. ಅದಕ್ಕಾಗಿಯೇ ಮರಗಳಿಗೆ ಹೆಸರಿನ ಫಲಕ ಹಾಕಿರುತ್ತಾರೆ. ಹೊರಗಿನಿಂದ ಬಂದ ಬೆಳೆ ನಮ್ಮ ಮಣ್ಣಿಗೆ, ಹವೆಗೆ ಹೊಂದುತ್ತದೆಯೇ ಎಂದು ಬೆಳೆಸಿ ನೋಡಿ, ನಂತರ ಜನರಿಗೆ ಕೊಡುತ್ತಾರೆ. ಸೀಮೆಬದನೆ ಇದಕ್ಕೆ ಒಳ್ಳೆಯ ಉದಾಹರಣೆ. ಮಧ್ಯ ಅಮೆರಿಕ ಮೂಲದ ಈ ತರಕಾರಿ 19ನೇ ಶತಮಾನದ ಕೊನೆಯ ಹೊತ್ತಿಗೆ, ಜಾನ್ ಕ್ಯಾಮರಾನ್ ಅವರು ಮುಖ್ಯಸ್ಥರಾಗಿದ್ದ ಕಾಲದಲ್ಲಿ, ಲಾಲ್‌ಬಾಗ್ ಮೂಲಕ ನಮ್ಮ ರೈತರಿಗೆ ಸಿಕ್ಕಿತು. ತಮಿಳುನಾಡಿನಲ್ಲಿ ಇವತ್ತಿಗೂ ಅದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ.

ವೈಜ್ಞಾನಿಕ ಹೆಸರು ಎಂದರೆ ನಮ್ಮಲ್ಲಿ ಬಹಳ ಜನರಿಗೆ ಬಾಯಿಪಾಠದ ಕಷ್ಟ ಮಾತ್ರ ನೆನಪಾಗುತ್ತದೆ. ಸ್ವಲ್ಪ ಬಿಡಿಸಿ ನೋಡಿದರೆ ಅದರಲ್ಲಿ ನಮ್ಮ ಮನೆಮಾತೇ ಸಿಗುತ್ತದೆ. ಬೇವಿನ ಹೆಸರು ಅಜಾಡಿರಾಕ್ಟಾ ಇಂಡಿಕಾ. ಇದರ ಮೂಲ ಪರ್ಷಿಯನ್ ಭಾಷೆಯ ‘ಆಜಾದ್ ದರಖ್ತ್’. ಉರ್ದು ಬಲ್ಲವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹುಣಸೆಯ ಹೆಸರು ಟ್ಯಾಮರಿಂಡಸ್ ಇಂಡಿಕಾ. ಅರಬ್ಬರು ಅದನ್ನು ‘ತಮ್ರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ವಿಶೇಷವೆಂದರೆ ಹುಣಸೆಯ ತವರು ಆಫ್ರಿಕಾ. ಹಾಗೆಯೇ ನಮ್ಮ ಹಳ್ಳದ ದಂಡೆ, ಬೀಳು ಭೂಮಿಯನ್ನೆಲ್ಲ ಆವರಿಸಿರುವ ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ, ಅಮೆರಿಕ ಖಂಡದಿಂದ ಬಂದದ್ದು. ರೂಢಿಯ ಹೆಸರು ನಂಬಿದರೆ ಮೋಸ ಹೋಗುತ್ತೇವೆ. ಫಲಕದ ಬೆಲೆ ಆಗ ಗೊತ್ತಾಗುತ್ತದೆ.

ಹೆಸರು ಮತ್ತು ಮೂಲ ತಿಳಿಯುವುದು ಬರೀ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ದಾಳಿಂಬೆಯ ಕಥೆ ಗೊತ್ತು. ನೀರು ಕಡಿಮೆ ಇರುವ ನಮ್ಮ ಮಸಾರಿ ಭೂಮಿಗೆ ದಾಳಿಂಬೆ ಚೆನ್ನಾಗಿ ಹೊಂದಿತ್ತು. ನಂತರ ದುಂಡಾಣು ಅಂಗಮಾರಿ ರೋಗ ಬಂತು. ಹಣ್ಣಿನ ಮೇಲೆ ಕಪ್ಪು ಚುಕ್ಕೆ ಬಿದ್ದು, ಸಿಪ್ಪೆ ಸೀಳಿ, ತೋಟಕ್ಕೆ ತೋಟವೇ ಹಾಳಾದವು. ಕುಷ್ಟಗಿ ತಾಲ್ಲೂಕಿನ ನಮ್ಮ ಹೊಲದಲ್ಲಿಯೂ ಅಬ್ಬಾ ಗಿಡಗಳನ್ನು ಬೇರುಸಮೇತ ಕೀಳಿಸಿ ಸುಡಬೇಕಾಯಿತು. ಆ ಸಾಲ ತೀರಿಸಲು ನಮಗೆ ವರ್ಷಗಳೇ ಹಿಡಿದವು. ಈ ರೋಗ ಮಳೆಹನಿ, ಗಾಳಿ ಮತ್ತು ಕತ್ತರಿಯ ಮೂಲಕ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಊರಿಂದ ಊರಿಗೆ ಹೋಗುವುದು ಮಾತ್ರ ಹೆಚ್ಚಾಗಿ ರೋಗ ತಗುಲಿದ ಗಿಡದಿಂದ ಗೂಟಿ ಕಟ್ಟಿ ಮಾಡಿದ ಸಸಿಯ ಮೂಲಕ. ಸಸಿ ಕೊಳ್ಳುವಾಗ ತಾಯಿ ಗಿಡ ಯಾವುದು, ಅದು ಆರೋಗ್ಯವಾಗಿದೆಯೇ ಎಂದು ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ಒಳ್ಳೆಯ ಸಸ್ಯತೋಟ ಮತ್ತು ನರ್ಸರಿಯ ಕೆಲಸವೇ ಅದು: ತಳಿ ಗೊತ್ತಿರುವ, ರೋಗವಿಲ್ಲದ ತಾಯಿ ಗಿಡಗಳನ್ನು ಕಾಪಾಡಿ ಅವುಗಳಿಂದ ಸಸಿ ಮಾಡುವುದು.

ಇದನ್ನೆಲ್ಲ ಕಲಿಯಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹತ್ತನೇ ತರಗತಿ ಪಾಸಾದ ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆ 10 ತಿಂಗಳ ತರಬೇತಿ ನಡೆಸುತ್ತದೆ. ಲಾಲ್‌ಬಾಗ್‌ನಲ್ಲಿ ಇರುವಂತೆ ನಮ್ಮ ಮುನಿರಾಬಾದ್‌ನಲ್ಲಿಯೂ ಅದರ ಕೇಂದ್ರವಿದೆ. ಕಸಿ ಕಟ್ಟುವುದು, ಸಸಿಮಡಿ ಮಾಡುವುದು, ಗಿಡ ಸವರುವುದು ಇವನ್ನು ಕೈಯಾರೆ ಮಾಡಿ ಕಲಿಯಬಹುದು. ಬೇಸಿಗೆಯ ಹೊತ್ತಿಗೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಗಮನಿಸಿ. ಬಾಗಲಕೋಟೆ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜೂ ಮುನಿರಾಬಾದ್‌ನಲ್ಲಿದೆ. ನಾಲ್ಕು ವರ್ಷದ ಬಿ.ಎಸ್ಸಿ. ತೋಟಗಾರಿಕೆ ಕೋರ್ಸಿಗೆ ಸೀಟು ಸಿಇಟಿ ಮೂಲಕ ಸಿಗುತ್ತದೆ. ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಜೀವಶಾಸ್ತ್ರ ತೆಗೆದುಕೊಂಡವರಿಗೆ ನೀಟ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಬೇಸರಪಡುವ ಗೆಳೆಯ ಗೆಳತಿಯರು ಇದನ್ನು ಒಮ್ಮೆ ಯೋಚಿಸಬೇಕು.

ನೋಡಲು ಬಯಸುವವರಿಗೆ ವರ್ಷವಿಡೀ ಏನಾದರೂ ಇರುತ್ತದೆ. ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಸಮಯಕ್ಕೆ, ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಕೊಪ್ಪಳದಲ್ಲಿ ಜನವರಿಯ ಗವಿಸಿದ್ಧೇಶ್ವರ ಜಾತ್ರೆಯ ವೇಳೆ ಇಲಾಖೆಯ ಫಲಪುಷ್ಪ ಪ್ರದರ್ಶನ ಇರುತ್ತದೆ. ಮೇ ತಿಂಗಳ ಮಾವು ಮೇಳದಲ್ಲಿ ನಮ್ಮ ಜಿಲ್ಲೆಯ ಕೇಸರ್ ಮಾವಿನ ಜೊತೆ ಎಷ್ಟೊಂದು ತಳಿಗಳನ್ನು ಒಂದೇ ಕಡೆ ನೋಡಬಹುದು. ಅಲ್ಲಿ ಹಣ್ಣು ಕೊಂಡು ಬರುವುದರ ಜೊತೆಗೆ ತಳಿಯ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಅದೇ ಒಂದು ಪಾಠ.

ಗಿಡ ನೆಟ್ಟರೆ ಅದರ ಫಲವನ್ನು ಮನುಷ್ಯರು, ಪ್ರಾಣಿಗಳು, ಹಕ್ಕಿಗಳು ತಿಂದದ್ದೆಲ್ಲ ನೆಟ್ಟವರ ಪಾಲಿಗೆ ಸದಖಾ ಆಗುತ್ತದೆ ಎಂಬ ಅರ್ಥದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ನೆಡುವುದರ ಜೊತೆ ಅರಿಯುವುದೂ ಸೇರಲಿ. ನನ್ನದೊಂದು ಸಲಹೆ: ಜೂನ್, ಜುಲೈನಲ್ಲಿ ಬೇವಿನ ಹಣ್ಣು ಉದುರುತ್ತದೆ. ಅದರ ಬೀಜದ ಮೊಳೆಯುವ ಶಕ್ತಿ ಕೆಲವೇ ವಾರ ಇರುತ್ತದೆ. ಆದ್ದರಿಂದ ಕೂಡಲೇ ಆಯ್ದು, ತಿರುಳು ತೊಳೆದು, ಚೀಲದಲ್ಲಿ ಹಾಕಿ ಮೊಳೆಸೋಣ. ನಮ್ಮ ಕಾಲೇಜಿನ ಆವರಣದ ಪ್ರತಿ ಮರಕ್ಕೂ ಕನ್ನಡ, ಉರ್ದು ಮತ್ತು ವೈಜ್ಞಾನಿಕ ಹೆಸರು ಬರೆದ ಒಂದು ಚಿಕ್ಕ ಫಲಕ ಹಾಕೋಣ. ಮೊಳೆ ಹೊಡೆಯದೆ ಸಡಿಲವಾಗಿ ದಾರದಿಂದ ಕಟ್ಟಿದರೆ ಸಾಕು. ಜೀವಶಾಸ್ತ್ರ ವಿಭಾಗದ ಗುರುಗಳು ಒಪ್ಪಿದರೆ, ಪಟ್ಟಿ ಮಾಡುವ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ಜೊತೆಗೆ ಬರುವವರು ಹೆಸರು ಕೊಡಿ.